ಕಾಗದದ ಅಲಂಕಾರ: ಮನೆಯಲ್ಲಿ ಕಟ್ಟುವ ತೋರಣ ಮತ್ತು ಆಕಾಶಬುಟ್ಟಿ

ಹಬ್ಬಕ್ಕೆ ಮನೆಯನ್ನು ಸಿಂಗರಿಸುವುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ವಾಡಿಕೆ. ಬಾಗಿಲಿಗೆ ಮಾವಿನ ತೋರಣ, ಅಂಗಳಕ್ಕೆ ರಂಗವಲ್ಲಿ, ನವರಾತ್ರಿಯಲ್ಲಿ ಬೊಂಬೆಗಳ ಮೆಟ್ಟಿಲಿಗೆ ಬಣ್ಣದ ಕಾಗದ, ದೀಪಾವಳಿಗೆ ಆಕಾಶಬುಟ್ಟಿ—ಇವು ಮನೆಯವರ ಕೈಯಿಂದಲೇ ಆಗತಕ್ಕ ಕೆಲಸಗಳಾಗಿದ್ದುವು. ಈಗಲಾದರೋ ಪಟ್ಟಣದ ಅನೇಕ ಮನೆಗಳಲ್ಲಿ ಕಾಗದದ ಸಾಮಾನು ಅಂಗಡಿಯಿಂದಲೇ ಬರುತ್ತದೆ. ಕೊಂಡು ತಂದದ್ದು ಅಂದವಾಗಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅದನ್ನು ನೇತುಹಾಕುವ ಮಗುವಿಗೆ, ಅದು ಹೇಗೆ ನಿಂತಿತು, ಏಕೆ ಹರಿಯಲಿಲ್ಲ ಎಂಬುದು ಎಂದಿಗೂ ತಿಳಿಯುವುದಿಲ್ಲ. ಕಾಗದದ ಕೆಲಸಕ್ಕೆ ವಿಶೇಷವಾದ ಜಾಣ್ಮೆಯಾಗಲಿ ಹೆಚ್ಚು ಹಣವಾಗಲಿ ಬೇಕಿಲ್ಲ. ಕಾಗದದ ಸ್ವಭಾವ ತಿಳಿದಿದ್ದರೆ ಸಾಕು. ಆ ಸ್ವಭಾವವನ್ನೂ, ಅದನ್ನು ಅನುಸರಿಸಿ ಮಾಡಬಹುದಾದ ಎರಡು ಅಲಂಕಾರಗಳನ್ನೂ ಇಲ್ಲಿ ವಿವರಿಸಬೇಕೆಂದಿದ್ದೇವೆ.

ಮೊದಲನೆಯದಾಗಿ ತಿಳಿಯಬೇಕಾದದ್ದು, ಕಾಗದಕ್ಕೆ ಎಳೆಯುಂಟು ಎಂಬುದು. ಕಾಗದವೆಂದರೆ ಸಸ್ಯಗಳ ಸಣ್ಣ ನಾರುಗಳು ನೀರಿನಲ್ಲಿ ಕದಡಿ, ಜರಡಿಯ ಮೇಲೆ ತೆಳ್ಳಗೆ ಹರಡಿ, ಒಂದಕ್ಕೊಂದು ಹೆಣೆದುಕೊಂಡು ಒಣಗಿದ ಹಾಳೆ. ಕೈಯಿಂದ ಎತ್ತಿದ ಕಾಗದದಲ್ಲಿ ಈ ನಾರುಗಳು ಎಲ್ಲ ದಿಕ್ಕಿಗೂ ಚದರಿರುತ್ತವೆ. ಯಂತ್ರದಲ್ಲಿ ಮಾಡಿದ ಕಾಗದದಲ್ಲಿ ಜರಡಿಯು ವೇಗವಾಗಿ ಮುಂದಕ್ಕೆ ಓಡುವುದರಿಂದ, ನದಿಯಲ್ಲಿ ತೇಲುವ ಹುಲ್ಲುಕಡ್ಡಿಗಳಂತೆ, ನಾರುಗಳಲ್ಲಿ ಹೆಚ್ಚಿನವು ಆ ಓಟದ ದಿಕ್ಕಿಗೇ ತಿರುಗಿ ನಿಲ್ಲುತ್ತವೆ. ಇದನ್ನು ಪರೀಕ್ಷಿಸುವುದು ಸುಲಭ. ವರ್ತಮಾನ ಪತ್ರಿಕೆಯೊಂದನ್ನು ಮೇಲಿನಿಂದ ಕೆಳಕ್ಕೆ ಹರಿದು ನೋಡಿರಿ. ಸಾಮಾನ್ಯವಾಗಿ ಸೀಳು ನೇರವಾಗಿ ಇಳಿಯುತ್ತದೆ. ಅದನ್ನೇ ಅಡ್ಡಲಾಗಿ ಹರಿದರೆ ಅಂಕುಡೊಂಕಾಗುತ್ತದೆ. ದಪ್ಪ ಕಾಗದವನ್ನು ಎಳೆಯ ದಿಕ್ಕಿನಲ್ಲಿ ಮಡಿಸಿದರೆ ಮಡಿಕೆ ನಯವಾಗಿ ಕೂಡುತ್ತದೆ. ಎಳೆಗೆ ಅಡ್ಡಲಾಗಿ ಮಡಿಸಿದರೆ ನಾರು ಮುರಿದು ಮಡಿಕೆಯು ಒರಟಾಗುತ್ತದೆ. ಮನೆಯಲ್ಲಿ ಮಾಡಿದ ಅನೇಕ ವಸ್ತುಗಳು ಸೊಟ್ಟಗಾಗುವುದಕ್ಕೆ ಕಾರಣ ಕೈಯ ದೋಷವಲ್ಲ, ಎಳೆಯನ್ನು ಗಮನಿಸದಿರುವುದೇ.

ಎರಡನೆಯದು, ನೀರು ತಾಕಿದರೆ ಕಾಗದ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ನಾರು ಉದ್ದದಲ್ಲಿ ಹಿಗ್ಗುವುದು ಅತ್ಯಲ್ಪ, ದಪ್ಪದಲ್ಲಿ ಹೆಚ್ಚು. ಆದುದರಿಂದಲೇ ಒಂದು ಮಗ್ಗುಲಿಗೆ ಅಂಟು ಬಳಿದ ಹಾಳೆ ಸುರುಳಿಯಾಗುವುದು. ಅಂಟು ನೀರಾದಷ್ಟೂ ಈ ಉಪದ್ರವ ಹೆಚ್ಚು. ಒಂದು ಅಳತೆ ಮೈದಾಹಿಟ್ಟಿಗೆ ಐದು ಅಳತೆ ನೀರು ಸಾಕು. ಹಿಟ್ಟನ್ನು ಮೊದಲು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಉಳಿದ ನೀರನ್ನು ಕುದಿಸಿ ಅದರೊಳಗೆ ಸುರಿದು, ಬಿಳಿಯ ಬಣ್ಣ ಹೋಗಿ ತಿಳಿಯಾಗುವವರೆಗೆ ಕೈಬಿಡದೆ ತಿರುವಬೇಕು. ಹುಳು ಹಿಡಿಯದಿರಲೆಂದು ಹಿಂದೆ ಇದರಲ್ಲಿ ಮೈಲುತುತ್ತವನ್ನು ಬೆರೆಸುತ್ತಿದ್ದುದುಂಟು. ಅದು ವಿಷ. ಮಕ್ಕಳು ಕೈಯಿಡತಕ್ಕ ಅಂಟಿಗೆ ಅದನ್ನು ಎಂದಿಗೂ ಸೇರಿಸಬಾರದು; ಆ ದಿನದ ಅಂಟನ್ನು ಆ ದಿನವೇ ಮಾಡಿಕೊಳ್ಳುವುದು ಲೇಸು.

ಈ ಎರಡು ಸಂಗತಿಗಳು ತಿಳಿದ ಮೇಲೆ ತೋರಣವನ್ನು ತೆಗೆದುಕೊಳ್ಳೋಣ. ಗಾಳಿಪಟಕ್ಕೆ ಹಚ್ಚುವಂತಹ ತೆಳುವಾದ ಬಣ್ಣದ ಕಾಗದ ಇದಕ್ಕೆ ತಕ್ಕದ್ದು. ಹಾಳೆಯನ್ನು ಉದ್ದಕ್ಕೆ ಎರಡಾಗಿ ಮಡಿಸಿ, ಮತ್ತೊಮ್ಮೆ ಎರಡಾಗಿ ಮಡಿಸಿದರೆ ನಾಲ್ಕು ಪದರಗಳ ಪಟ್ಟಿಯಾಗುತ್ತದೆ. ಎಡ ಅಂಚಿನಿಂದ ಕತ್ತರಿಯನ್ನು ಹಾಕಿ, ಬಲ ಅಂಚು ಅರ್ಧ ಅಂಗುಲ ಉಳಿದಿರುವಾಗ ನಿಲ್ಲಿಸಬೇಕು. ಅರ್ಧ ಅಂಗುಲ ಕೆಳಗೆ, ಈ ಸಲ ಬಲ ಅಂಚಿನಿಂದ ಹೊರಟು ಎಡ ಅಂಚಿಗೆ ಅರ್ಧ ಅಂಗುಲ ಇರುವಾಗ ನಿಲ್ಲಿಸಬೇಕು. ಹೀಗೆ ಒಂದು ಬಿಟ್ಟು ಒಂದರಂತೆ ಕೊನೆಯವರೆಗೆ ಕತ್ತರಿಸಿ, ಮೆಲ್ಲನೆ ಬಿಡಿಸಿ ಜಗ್ಗಿದರೆ ಹಾಳೆಯು ಬಲೆಯಂತೆ ತೆರೆದು ಉದ್ದವಾಗುತ್ತದೆ. ಕಾಗದವೇನೂ ರಬ್ಬರಿನಂತೆ ಹಿಗ್ಗಿದುದಲ್ಲ. ಪ್ರತಿಯೊಂದು ಕತ್ತರಿಗೆರೆಯೂ ಒಂದು ಕಣ್ಣಾಗಿ ತೆರೆದು, ನಡುವಣ ಪಟ್ಟಿಗಳು ಬಾಗಿಕೊಂಡವು, ಅಷ್ಟೆ. ತೆಳು ಕಾಗದ ಯಾವ ಕಡೆಗಾದರೂ ಮಡಿಯುವುದರಿಂದ, ಇಲ್ಲಿ ಕತ್ತರಿಗೆರೆಗಳು ಎಳೆಯ ದಿಕ್ಕಿನಲ್ಲಿಯೇ ಹೋಗುವಂತೆ ಹಾಳೆಯನ್ನು ಇಟ್ಟುಕೊಳ್ಳಬೇಕು. ಆಗ ಪ್ರತಿ ಪಟ್ಟಿಯಲ್ಲಿಯೂ ನಾರುಗಳು ಉದ್ದಕ್ಕೆ ನಿಂತು ಬಲೆಯು ಬೇಗ ಹರಿಯುವುದಿಲ್ಲ.

ಇನ್ನು ಆಕಾಶಬುಟ್ಟಿ. ಉತ್ತರ ಕರ್ನಾಟಕದಲ್ಲಿ ಈ ಹೆಸರೂ, ಮಂಗಳೂರಿನ ಕಡೆಯಲ್ಲಿ ಗೂಡುದೀಪವೆಂಬ ಹೆಸರೂ ಬಳಕೆಯಲ್ಲಿವೆ. ಇದರಲ್ಲಿ ಬಗೆಗಳು ಅನೇಕ. ನಾವು ಹೇಳುವುದು ಚೌಕ ಮತ್ತು ತ್ರಿಕೋಣಗಳಿಂದ ಕೂಡಿದ ಹಳೆಯ ಬಗೆಯೊಂದನ್ನು. ಒಂಬತ್ತು ಅಂಗುಲ ಉದ್ದದ ತೆಳುವಾದ ಬಿದಿರುಕಡ್ಡಿಗಳು ೨೪ ಬೇಕು. ತುದಿಯಿಂದ ಅರ್ಧ ಅಂಗುಲ ಒಳಗೆ ದಾರ ಸುತ್ತಿ ಕಟ್ಟಿದರೆ ಗಂಟಿನಿಂದ ಗಂಟಿಗೆ ಎಂಟು ಅಂಗುಲವಾಗುವುದು. ಹದಿನಾರು ಕಡ್ಡಿಗಳಿಂದ ನಾಲ್ಕು ಚೌಕಗಳನ್ನು ಕಟ್ಟಿಕೊಳ್ಳಿರಿ. ಪ್ರತಿಯೊಂದನ್ನೂ ಮೂಲೆಯ ಮೇಲೆ ನಿಲ್ಲಿಸಿ, ಒಂದರ ಬಲಮೂಲೆಯನ್ನು ಮುಂದಿನದರ ಎಡಮೂಲೆಗೆ ಕಟ್ಟುತ್ತ ಹೋದರೆ ನಾಲ್ಕೂ ಸೇರಿ ಒಂದು ಬಳೆಯಾಗುತ್ತದೆ. ಮೇಲುಗಡೆ ನಾಲ್ಕು ಮೂಲೆಗಳು ಎದ್ದುನಿಂತಿರುತ್ತವೆ. ಅವನ್ನು ನಾಲ್ಕು ಕಡ್ಡಿಗಳಿಂದ ಸೇರಿಸಿರಿ. ಕೆಳಗಡೆಗೂ ಹಾಗೆಯೇ. ೨೪ ಕಡ್ಡಿಗಳೂ ಮುಗಿದುವು. ಈಗ ಸುತ್ತಲೂ ನಾಲ್ಕು ಚೌಕಗಳು, ಮೇಲೊಂದು ಕೆಳಗೊಂದು ಚೌಕ, ಇವುಗಳ ನಡುವೆ ಎಂಟು ತ್ರಿಕೋಣಗಳು ಕಾಣುವುವು.

ಇಲ್ಲಿಗೆ ಬಂದವರು ಗೂಡು ಓಲಾಡುವುದನ್ನು ಕಂಡು ಧೈರ್ಯಗೆಡುವುದುಂಟು. ಅದಕ್ಕೆ ಕಾರಣವಿದೆ. ಮೂರು ಕಡ್ಡಿಗಳ ತ್ರಿಕೋಣವು ಆಕಾರ ಬದಲಿಸಲಾರದು. ನಾಲ್ಕು ಕಡ್ಡಿಗಳ ಚೌಕವಾದರೋ ಒತ್ತಿದ ಕಡೆಗೆ ವಾಲುತ್ತದೆ. ಚೌಕಕ್ಕೆ ಮೂಲೆಯಿಂದ ಮೂಲೆಗೆ ಒಂದು ಕಡ್ಡಿಯನ್ನು ಕಟ್ಟಿದರೆ ಅದು ಎರಡು ತ್ರಿಕೋಣಗಳಾಗಿ ಬಿಗಿಯುತ್ತದೆ. ಆದುದರಿಂದ ಮೇಲಿನ ಚೌಕಕ್ಕೂ ಕೆಳಗಿನ ಚೌಕಕ್ಕೂ ೧೨ ಅಂಗುಲದ ಕಡ್ಡಿಯನ್ನು ಒಂದೊಂದರಂತೆ ಓರೆಯಾಗಿ ಕಟ್ಟಿರಿ. ಮೇಲಿನದು ದೀಪವನ್ನು ತೂಗುಹಾಕುವುದಕ್ಕೂ ಒದಗುವುದು. ಸುತ್ತಣ ನಾಲ್ಕು ಚೌಕಗಳಿಗೆ ಕಡ್ಡಿ ಬೇಡ. ಅಲ್ಲಿ ಕಾಗದವೇ ಆ ಕೆಲಸವನ್ನು ಮಾಡುತ್ತದೆ. ಹಚ್ಚುವಾಗ ಅಂಟಿನ ತೇವದಿಂದ ಸಡಿಲವಾಗಿ ಕಂಡ ಕಾಗದವು ಒಣಗುತ್ತ ಕುಗ್ಗಿ, ತಮಟೆಯ ಚರ್ಮದಂತೆ ಬಿಗಿದುಕೊಳ್ಳುವುದು. ಎಲ್ಲಿಯಾದರೂ ಸುಕ್ಕು ಉಳಿದಿದ್ದರೆ, ಬಣ್ಣ ಬಿಡದ ಕಾಗದವಾದ ಪಕ್ಷದಲ್ಲಿ, ನೀರನ್ನು ಹನಿಹನಿಯಾಗಿ ಚಿಮುಕಿಸಿ ಒಣಗಲು ಬಿಡಬೇಕು. ಹಿಂದೆ ಉಪದ್ರವವೆಂದು ಹೇಳಿದ ಗುಣವೇ ಇಲ್ಲಿ ಉಪಕಾರಿಯಾಗುತ್ತದೆ.

ಎಂಟು ಸಮತ್ರಿಕೋಣಗಳನ್ನು ಅಳೆಯುವುದು ಹೇಗೆ? ಕೈವಾರ ಬೇಕಿಲ್ಲ. ಎಂಟು ಅಂಗುಲದ ಚೌಕದ ಹಾಳೆಯನ್ನು ಉದ್ದಕ್ಕೆ ಎರಡಾಗಿ ಮಡಿಸಿ ಬಿಡಿಸಿದರೆ ನಡುವೆ ಒಂದು ಗೆರೆ ಮೂಡುವುದು. ಕೆಳಗಿನ ಎಡಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದು, ಕೆಳಗಿನ ಬಲಮೂಲೆಯನ್ನೆತ್ತಿ ಆ ನಡುಗೆರೆಯ ಮೇಲೆ ಬಂದು ಕೂರುವಂತೆ ಮಡಿಸಿರಿ. ಅದು ಕುಳಿತ ಸ್ಥಳವೇ ತ್ರಿಕೋಣದ ಶಿಖರ. ಅಲ್ಲಿಂದ ಕೆಳಗಿನ ಎರಡು ಮೂಲೆಗಳಿಗೆ ಗೆರೆಯೆಳೆದರೆ ಮೂರು ಬಾಹುಗಳೂ ಸಮನಾಗಿರುತ್ತವೆ. ಇದನ್ನು ಮಾದರಿಯಾಗಿಟ್ಟುಕೊಂಡು, ಕಡ್ಡಿಗೆ ಸುತ್ತಿ ಅಂಟಿಸಲು ಎಲ್ಲ ಕಡೆಯೂ ಅರ್ಧ ಅಂಗುಲ ಹೆಚ್ಚಾಗಿ ಬಿಟ್ಟು ಬಣ್ಣದ ಕಾಗದವನ್ನು ಕತ್ತರಿಸಬಹುದು. ಹೀಗೆ ಮಡಿಕೆಯಿಂದಲೇ ಜ್ಯಾಮಿತಿಯನ್ನು ಕಲಿಸುವ ವಿಧಾನವನ್ನು ಕುರಿತು ಟಿ. ಸುಂದರರಾಯರು ೧೮೯೩ರಲ್ಲಿ ಮದರಾಸಿನಲ್ಲಿ ಇಂಗ್ಲಿಷಿನ ಗ್ರಂಥವೊಂದನ್ನು ಪ್ರಕಟಿಸಿದರು. ಮಕ್ಕಳಿಗೆ ಕಾಗದ ಮಡಿಸುವುದನ್ನು ಕಲಿಸುವ ಕಿಂಡರ್‌ಗಾರ್ಟನ್ ಪದ್ಧತಿಯಿಂದ ಅವರಿಗೆ ಆ ಯೋಚನೆ ಹುಟ್ಟಿತು. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನರು ಆ ಗ್ರಂಥವನ್ನು ತಮ್ಮ ಬರಹದಲ್ಲಿ ಹೆಸರಿಸಿದರು. ೧೯೦೧ರಲ್ಲಿ ಅದು ಅಮೆರಿಕದ ಷಿಕಾಗೋ ನಗರದಲ್ಲಿ ಪುನಃ ಅಚ್ಚಾಯಿತು. ಮಕ್ಕಳ ಆಟವೆಂದು ತೋರುವ ಮಡಿಕೆಯನ್ನು ವಿದ್ವಾಂಸರು ಹಗುರವಾಗಿ ಎಣಿಸಲಿಲ್ಲ.

ಬುಟ್ಟಿಯೊಳಗೆ ಎಣ್ಣೆಯ ಹಣತೆಯನ್ನು ಇಡುವ ಸಾಹಸ ಬೇಡ. ಈಗ ದೊರೆಯುವ, ಹೆಚ್ಚು ಬಿಸಿಯಾಗದ ಸಣ್ಣ ಎಲ್.ಇ.ಡಿ. ದೀಪವನ್ನು ಕಾಗದಕ್ಕೆ ತಾಕದಂತೆ ನಡುವೆ ತೂಗುಹಾಕುವುದೇ ಕ್ಷೇಮ. ವಿದ್ಯುತ್ತಿನ ತಂತಿಯನ್ನು ಮಳೆ ತಾಕದ ಕಡೆಯಲ್ಲಿ ಎಳೆಯಬೇಕು. ಕೆಳಗಿನ ನಾಲ್ಕು ಮೂಲೆಗಳಿಗೆ ಕಾಗದದ ಕುಚ್ಚುಗಳನ್ನು ಇಳಿಬಿಟ್ಟರೆ ನೋಟಕ್ಕೆ ಮತ್ತಷ್ಟು ಸೊಗಸು.

ಕಾಗದವು ಒಂದು ಮಳೆಗೆ ಹಾಳಾಗುವುದಲ್ಲವೆ, ಪೇಟೆಯ ವಸ್ತುವೇ ಬಾಳಿಕೆಯದಲ್ಲವೆ ಎಂದು ಕೆಲವರು ಕೇಳಬಹುದು. ಹಾಳಾಗುವುದು ಕಾಗದ, ಬಿದಿರಿನ ಗೂಡು ಉಳಿಯುತ್ತದೆ. ಅದನ್ನು ಅಟ್ಟದ ಮೇಲಿಟ್ಟು, ಪ್ರತಿ ವರ್ಷವೂ ಹೊಸ ಕಾಗದ ಹಚ್ಚಬಹುದು. ಬಾಳಿಕೆಯೊಂದನ್ನೇ ನೋಡುವುದಾದರೆ ಥರ್ಮೋಕೋಲಿನ ಅಲಂಕಾರ ಹೆಚ್ಚು ಕಾಲ ಬಾಳುತ್ತದೆ ನಿಜ. ಹಬ್ಬ ಮುಗಿದ ಮೇಲೂ ಮಣ್ಣಿನಲ್ಲಿ ಕರಗದೆ ಬಾಳುತ್ತಲೇ ಇರುತ್ತದೆ. ಆ ಕಾರಣದಿಂದಲೇ ಭಾರತ ಸರ್ಕಾರವು ೨೦೨೨ನೆಯ ಇಸವಿ ಜುಲೈ ೧ರಿಂದ ಪ್ಲಾಸ್ಟಿಕ್ಕಿನ ಬಾವುಟಗಳನ್ನೂ, ಅಲಂಕಾರಕ್ಕೆ ಬಳಸುವ ಥರ್ಮೋಕೋಲನ್ನೂ ನಿಷೇಧಿಸಿತು.

ಆದರೆ ಕಾನೂನು ಒಂದು ವಸ್ತುವನ್ನು ಅಂಗಡಿಯಿಂದ ತೆಗೆಯಬಲ್ಲದೇ ಹೊರತು, ಮರೆತ ಕೈಕೆಲಸವನ್ನು ಮನೆಗೆ ಮರಳಿ ತರಲಾರದು. ಗಂಟು ಹಾಕುವ ಬಗೆ, ಅಂಟಿನ ಹದ, ಎಳೆಯ ದಿಕ್ಕು—ಇವು ಪಕ್ಕದಲ್ಲಿ ಕುಳಿತು ಕಲಿಯತಕ್ಕ ವಿದ್ಯೆಗಳು. ಬಲ್ಲವರು ಮನೆಯಲ್ಲಿರುವಾಗಲೇ ಕೇಳಿ ಕಲಿಯದಿದ್ದರೆ, ಒಂದು ತಲೆಮಾರಿನಲ್ಲಿಯೇ ಇವು ಅಳಿದುಹೋಗುವುವು. ಬರುವ ದೀಪಾವಳಿಗೆ ಹದಿನೈದು ದಿನ ಮೊದಲೇ ೨೪ ಕಡ್ಡಿಗಳನ್ನು ಸೀಳಿಟ್ಟುಕೊಂಡು, ಮನೆಯ ಹಿರಿಯರನ್ನೂ ಮಕ್ಕಳನ್ನೂ ಒಂದೇ ಚಾಪೆಯ ಮೇಲೆ ಕೂರಿಸಬೇಕೆಂದು ನಮ್ಮ ವಿಜ್ಞಾಪನೆ. ಮೊದಲ ಬುಟ್ಟಿ ತುಸು ಓರೆಯಾಗಿ ತೂಗಿದರೂ ಚಿಂತೆಯಿಲ್ಲ; ಮುಂದಿನ ವರ್ಷ ಗೂಡನ್ನು ಅಟ್ಟದಿಂದ ಇಳಿಸಿದಾಗ ಅದನ್ನು ನೆಟ್ಟಗೆ ಮಾಡುವ ಬಗೆ ಮಕ್ಕಳಿಗೇ ಗೊತ್ತಿರುತ್ತದೆ.