ಹಂಚಿ ಉಳಿದ ನೀರಿನ ಅಬ್ಬರ

ಜುಲೈ, ಆಗಸ್ಟ್ ಬಂತೆಂದರೆ ಹಳೇ ಮೈಸೂರು ಸೀಮೆಯವರು ಪತ್ರಿಕೆ ಬಿಡಿಸಿದ ಕೂಡಲೇ ಹುಡುಕುವುದು ಜಲಾಶಯಗಳ ನೀರಿನ ಮಟ್ಟದ ಪಟ್ಟಿಯನ್ನು. ಕೊಡಗಿನಲ್ಲಿ ಮಳೆ ಹಿಡಿದಿದೆಯೇ, ಕಬಿನಿ ತುಂಬಿತೇ, ಕೆ.ಆರ್.ಎಸ್. 124.80 ಅಡಿ ಮುಟ್ಟಲು ಇನ್ನೆಷ್ಟು ಬಾಕಿ? ಒಳಹರಿವು, ಹೊರಹರಿವು, ಕ್ಯೂಸೆಕ್ ಎಂಬ ಮಾತುಗಳು ಇಲ್ಲಿ ಎಂಜಿನಿಯರುಗಳಿಗಷ್ಟೇ ಸೇರಿದವಲ್ಲ. ಟೀ ಅಂಗಡಿಯ ಬೆಂಚಿನ ಮೇಲೂ ಅವೇ ಮಾತು. ಆ ಪಟ್ಟಿಯ ಹೊರಹರಿವಿನ ಅಂಕಿ ಒಮ್ಮೆಲೇ ಏರಿದ್ದು ಕಂಡರೆ ತಡಮಾಡಬಾರದು. ಮರುದಿನವೇ ಶಿವನಸಮುದ್ರಕ್ಕೆ ಹೊರಟುಬಿಡಬೇಕು.

ಬೆಂಗಳೂರಿನಿಂದ ಸುಮಾರು 130 ಕಿಲೋಮೀಟರ್ ದೂರ. ಬೆಳಿಗ್ಗೆ ಹೋಗಿ ರಾತ್ರಿ ಊಟದ ಹೊತ್ತಿಗೆ ಮನೆ ಸೇರಬಹುದು. ಬಸ್ಸಿನಲ್ಲೂ ಹೋಗಬಹುದು, ಆದರೆ ಇಲ್ಲಿ ಕಾವೇರಿ ಎರಡಾಗಿ ಸೀಳಿ, ನಡುವೆ ಒಂದು ದ್ವೀಪ ಬಿಟ್ಟು, ಒಂದೊಂದು ಕವಲಿನಲ್ಲಿ ಒಂದೊಂದು ಕಡೆ ಧುಮುಕುತ್ತಾಳೆ: ಒಂದು ಗಗನಚುಕ್ಕಿ, ಇನ್ನೊಂದು ಭರಚುಕ್ಕಿ. ಎರಡನ್ನೂ ನೋಡಬೇಕೆಂದರೆ ರಸ್ತೆಯಲ್ಲಿ ಸುತ್ತಿ ಬಳಸಿ ಹೋಗಬೇಕು. ವಯಸ್ಸಾದವರು ಜೊತೆಗಿದ್ದರೆ ಬಾಡಿಗೆ ಕಾರೇ ಮೇಲು. ಬೇಕಾದ ಕಡೆ ನಿಲ್ಲಿಸಬಹುದು, ಮನಸ್ಸು ತುಂಬುವವರೆಗೆ ನಿಂತು ನೋಡಬಹುದು. ನಾವು ಅಮ್ಮನನ್ನೂ ಅಕ್ಕನ ಮಕ್ಕಳನ್ನೂ ಕರೆದುಕೊಂಡು ಹೊರಟಾಗ ಚಾಲಕರು ಮಳವಳ್ಳಿ ಕಡೆಯವರೇ ಸಿಕ್ಕಿದ್ದು ನಮ್ಮ ಪುಣ್ಯ. ಗಾಡಿ ಕನಕಪುರ ರಸ್ತೆ ಹಿಡಿಯುವ ಮೊದಲೇ ಸುದ್ದಿ ಕೊಟ್ಟರು: "ಮೇಲ್ಗಡೆಯಿಂದ ಚೆನ್ನಾಗ್ ಬಿಟ್ಟವ್ರೆ ಸಾ. ಕಬಿನಿ ನೀರೂ ಸೇರ್ಕೊಂಡದೆ. ಇವತ್ತು ಗಗನಚುಕ್ಕಿ ತುಂಬ್ಕೊಂಡಿರ್ತದೆ."

ಈ ರಸ್ತೆಯಲ್ಲಿ ಕಿಟಕಿಯಾಚೆ ಕಣ್ಣಿಟ್ಟು ಕೂರಬೇಕು. ತಾತಗುಣಿ, ಹಾರೋಹಳ್ಳಿ, ಇನ್ನೂ ಮುಂದೆ ಹೋದರೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ. ಬೆಂಗಳೂರಿಗೆ ಕಾವೇರಿ ನೀರನ್ನು ಏರಿಸಿ ತರುವ ಪಂಪಿನ ಮನೆಗಳಿರುವ ಊರುಗಳು ಇವು. ಶಿವನಸಮುದ್ರದ ಮೇಲ್ಗಡೆ ಅಣೆಯ ಬಳಿ ತಿರುಗಿಸಿಕೊಂಡ ನೀರು ನೆಟ್ಕಲ್ ಸಮತೋಲನ ಜಲಾಶಯಕ್ಕೆ, ಅಲ್ಲಿಂದ ತೊರೆಕಾಡನಹಳ್ಳಿಗೆ ಬರುತ್ತದೆ. ಅಲ್ಲಿ ಶುದ್ಧವಾಗಿ, ಮೂರು ಹಂತದಲ್ಲಿ ಪಂಪಾಗಿ, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಹತ್ತಿ ರಾಜಧಾನಿ ಸೇರುತ್ತದೆ. 1974ರಲ್ಲಿ ಮೊದಲ ಹಂತದ ನೀರು ಬಂತು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆಯಾಗಿ, ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚು ನೀರು ತರುವ ಏರ್ಪಾಡಾಯಿತು. ನಾವು ಜಲಪಾತ ನೋಡಲು ಇಳಿದು ಹೋಗುತ್ತಿದ್ದ ದಾರಿಯಲ್ಲೇ ಅದೇ ಹೊಳೆಯ ನೀರು ನಮಗೆ ಎದುರಾಗಿ, ಕೊಳವೆಯೊಳಗೆ ಊರ ಕಡೆ ಏರಿ ಹೋಗುತ್ತಿತ್ತು. ಮಕ್ಕಳಿಗೆ ಇದನ್ನು ವಿವರಿಸುತ್ತಿದ್ದಾಗ ಅಮ್ಮ ನಡುವೆ ಬಾಯಿ ಹಾಕಿದಳು: "ನಮ್ಮ ಬೀದಿಗೆ ಕಾವೇರಿ ಬಂದ ದಿನ ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಆಮೇಲೆ ಬಿಂದಿಗೆ ಇಟ್ಟಿದ್ದು ಕಣ್ರೋ."

ಹಲಗೂರು ಕಳೆದು ಶಿಂಷಾ ಹೊಳೆ ದಾಟಿದ ಮೇಲೆ ನೆಲದ ಬಣ್ಣವೇ ಬೇರೆ. ಅಲ್ಲಿಯವರೆಗೆ ಗುಡ್ಡ, ಕುರುಚಲು, ರಾಗಿ ಹೊಲ, ಹಿಪ್ಪುನೇರಳೆ ತೋಟ. ಇಲ್ಲಿಂದ ಕಬ್ಬು, ತೆಂಗು, ಗದ್ದೆ. ಕೆ.ಆರ್.ಎಸ್.ನಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಮಂಡ್ಯ ಸೀಮೆಯನ್ನು ಹಸಿರು ಮಾಡುತ್ತಾ ಬಂದು ಕೊನೆಯ ಭಾಗದ ಈ ಹೊಲಗದ್ದೆಗಳನ್ನೂ ತಲುಪಬೇಕು. ನಾಟಿಯ ಕಾಲ. ಕೆಸರುಗದ್ದೆಯಲ್ಲಿ ಸೀರೆ ಎತ್ತಿ ಕಟ್ಟಿದ ಹೆಂಗಸರು ಸಾಲಾಗಿ ಬಾಗಿ, ಪೈರು ಊರುತ್ತಾ ಹಿಂದೆ ಹಿಂದೆ ಸರಿಯುತ್ತಿದ್ದರು. ಬದುವಿನ ಮೇಲೆ ಬುತ್ತಿಯ ಡಬ್ಬಿಗಳು, ಪಕ್ಕದಲ್ಲಿ ಪೈರಿನ ಕಟ್ಟುಗಳು. ತೂಬಿನಿಂದ ಗದ್ದೆಗೆ ಬೀಳುತ್ತಿದ್ದ ನೀರನ್ನು ಒಬ್ಬ ರೈತ ಸನಿಕೆಯಿಂದ ಮಣ್ಣೆಳೆದು ಪಕ್ಕದ ಗದ್ದೆಗೆ ತಿರುಗಿಸಿದ. ಕಾವೇರಿಯನ್ನು ಹಂಚುವ ದೊಡ್ಡ ಕೆಲಸದ ತೀರಾ ಸಣ್ಣ ರೂಪ ಅದು.

ಗಗನಚುಕ್ಕಿ ಕಾಣುವ ಮೊದಲೇ ಕೇಳಿಸುತ್ತದೆ. ಮಳವಳ್ಳಿ ಕಡೆಯ ದಡದಲ್ಲಿ ಕಣಿವೆಗೆ ಎದುರಾಗಿ ವೀಕ್ಷಣಾ ಕಟ್ಟೆ ಇದೆ. ಕಾರಿನಿಂದ ಇಳಿದು ಅತ್ತ ನಡೆದಂತೆ ಎದೆಗೂಡಿಗೆ ತಾಕುವ ಒಂದು ಗುಡುಗು, ನಿಲ್ಲದ ಗುಡುಗು. ಕಂಬಿ ಹಿಡಿದು ನಿಂತರೆ ಆಚೆ ದಡದ ಕಪ್ಪು ಬಂಡೆಗಳ ಮೇಲಿಂದ, ಸುಮಾರು 90 ಮೀಟರ್ ಎತ್ತರದಿಂದ, ಹೊಳೆ ಕವಲು ಕವಲಾಗಿ ಬೀಳುತ್ತಿರುತ್ತದೆ. ಒಂದೇ ನೆಗೆತವಲ್ಲ. ಬಂಡೆಯೊಂದಕ್ಕೆ ಅಪ್ಪಳಿಸಿ, ಅಲ್ಲಿಂದ ಹೊರಳಿ, ಇನ್ನೊಂದರ ಮೇಲೆ ಚಿಮ್ಮಿ, ಮತ್ತೆ ಒಟ್ಟುಗೂಡಿ ಪಾತಾಳಕ್ಕೆ ಇಳಿಯುತ್ತದೆ. ಹೊಸ ನೀರಾದ್ದರಿಂದ ಬಿಳುಪಿಗಿಂತ ಕಂದು ಹೆಚ್ಚು. ಮಂಡ್ಯದ ಆಲೆಮನೆಯ ಕೊಪ್ಪರಿಗೆಯಲ್ಲಿ ಉಕ್ಕಿ ಕುದಿಯುವ ಕಬ್ಬಿನ ಹಾಲಿನಂತೆ ಕಂದು, ಅಂಚಿನಲ್ಲಿ ನೊರೆ. ಬುಡದಲ್ಲಿ ನೀರೆಲ್ಲಿ ಬಂಡೆಯೆಲ್ಲಿ ತಿಳಿಯದು. ಏಳುವ ತುಂತುರು ಗಾಳಿಯ ಜೊತೆ ಕಣಿವೆ ಹತ್ತಿ ಬಂದು ಕನ್ನಡಕದ ಮೇಲೆ ಕೂರುತ್ತದೆ. ಒರೆಸಿಕೊಂಡು ನೋಡುವಷ್ಟರಲ್ಲಿ ಮತ್ತೆ ಕೂರುತ್ತದೆ.

ಸುತ್ತಲಿದ್ದವರೆಲ್ಲ ಮೊದಲು ಮೊಬೈಲ್ ಎತ್ತಿದರು, ಸ್ವಲ್ಪ ಹೊತ್ತಿಗೆ ಕೆಳಗಿಳಿಸಿದರು. ಅಷ್ಟು ಅಗಲ, ಅಷ್ಟು ಆಳ ಅದರಲ್ಲಿ ಹಿಡಿಸುವುದಿಲ್ಲ. ಬೀಳುವ ನೀರಿನ ಒಂದೇ ಒಂದು ಮುದ್ದೆಯನ್ನು ಆರಿಸಿಕೊಂಡು, ಮೇಲಿನ ಅಂಚಿನಿಂದ ಅದರ ಜೊತೆಗೇ ಕಣ್ಣನ್ನು ಇಳಿಸುತ್ತಾ ಹೋಗಬೇಕು. ಆಗ ಅದು ಎಷ್ಟು ನಿಧಾನ ಬೀಳುವಂತೆ ಕಾಣುತ್ತದೆಯೋ ಅಷ್ಟೇ ಎತ್ತರ ಅರ್ಥವಾಗುತ್ತದೆ. ಅಕ್ಕನ ಮಗಳು ಹೀಗೇ ನೋಡುತ್ತಾ ಬಾಯಿ ತೆರೆದು ನಿಂತಳು. ಅವಳನ್ನು ಕರೆಯುವ ಮನಸ್ಸು ಯಾರಿಗೂ ಬರಲಿಲ್ಲ.

ಈ ಎತ್ತರವೇ ಮೈಸೂರು ಸಂಸ್ಥಾನದ ಕಣ್ಣಿಗೆ ಬಿದ್ದದ್ದು. ಹೊಳೆ ಧುಮುಕುವ ಮೊದಲೇ ಒಂದಷ್ಟು ನೀರನ್ನು ಕಾಲುವೆಯಲ್ಲಿ ತಿರುಗಿಸಿ, ದಪ್ಪ ಕೊಳವೆಗಳಲ್ಲಿ ಕಡಿದಾದ ಇಳಿಜಾರಿಗೆ ಬಿಟ್ಟು, ಕೆಳಗಿನ ವಿದ್ಯುದಾಗಾರದ ಚಕ್ರ ತಿರುಗಿಸಬಹುದು ಎಂಬ ಲೆಕ್ಕಾಚಾರ. ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಯೋಜನೆ ಹಾಕಿದರು, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅದರ ಬೆನ್ನಿಗೆ ನಿಂತರು. 1902ರ ಜೂನ್‌ನಲ್ಲಿ ಇಲ್ಲಿಂದ ಹೊರಟ ವಿದ್ಯುತ್ ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಷ್ಟು ದೂರಕ್ಕೆ ವಿದ್ಯುತ್ ಒಯ್ಯುವುದು ಆ ಕಾಲಕ್ಕೆ ದೊಡ್ಡ ಸಾಹಸ. ಅದನ್ನು ಕಣ್ಣಾರೆ ಕಾಣಲು ಶೇಷಾದ್ರಿ ಅಯ್ಯರ್ ಉಳಿದಿರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಇಂದು ಆ ವಿದ್ಯುದಾಗಾರಕ್ಕೆ ಅವರದೇ ಹೆಸರು. 1905ರ ಆಗಸ್ಟ್ 5ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿ ಬೀದಿದೀಪ ಹೊತ್ತಿದ್ದೂ ಈ ನೀರಿನ ಬಲದಿಂದಲೇ. ಬೇಸಗೆಯಲ್ಲಿ ಹೊಳೆ ಸೊರಗಿದರೆ ಗಣಿಗೆ ವಿದ್ಯುತ್ ಸಾಲದು ಎಂಬ ಚಿಂತೆ ಕನ್ನಂಬಾಡಿ ಕಟ್ಟೆ, ಅಂದರೆ ಇಂದಿನ ಕೆ.ಆರ್.ಎಸ್., ಕಟ್ಟಲು ಇದ್ದ ಕಾರಣಗಳಲ್ಲೊಂದು. ಆ ಹಳೆಯ ವಿದ್ಯುದಾಗಾರ ಇಂದಿಗೂ 42 ಮೆಗಾವಾಟ್ ಸಾಮರ್ಥ್ಯದೊಂದಿಗೆ ನಾಡಿನ ಲೆಕ್ಕದಲ್ಲಿದೆ. ಸುತ್ತಲಿನವರು ಆ ಜಾಗವನ್ನು 'ಬ್ಲಫ್' ಎಂದೇ ಕರೆಯುತ್ತಾರೆ.

ಗಗನಚುಕ್ಕಿ ಬಿಟ್ಟು ಸೇತುವೆ ದಾಟಿದರೆ ದ್ವೀಪ. ಹೊಸ ಸೇತುವೆಯ ಪಕ್ಕದಲ್ಲಿ ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ರಾಮಸ್ವಾಮಿ ಮೊದಲಿಯಾರ್ ಕಟ್ಟಿಸಿದ ಕಲ್ಲುಕಂಬಗಳ ಸೇತುವೆ ನಿಂತಿದೆ. ಊರವರ ಬಾಯಲ್ಲಿ ಅದು ವೆಸ್ಲಿ ಸೇತುವೆ. ಹೊಳೆಯ ತಳದ ಬಂಡೆಗೇ ನಿಲ್ಲಿಸಿದ ಒರಟು ಕಂಬಗಳು ತಲೆಮಾರುಗಟ್ಟಲೆ ಪ್ರವಾಹ ತಡೆದುಕೊಂಡವು. 2018ರ ಮಹಾಪೂರದಲ್ಲಿ ಒಂದು ಭಾಗ ಕುಸಿಯಿತು. ಉಳಿದ ಕಂಬಗಳ ನಡುವೆ ನೀರು ಸುಳಿ ಸುತ್ತುತ್ತಾ ನುಗ್ಗುತ್ತಿತ್ತು.

ಅಲ್ಲೇ ದಡದ ಮರದಡಿ ಒಬ್ಬ ಮುದುಕರು ತೆಪ್ಪ ಮಗುಚಿಟ್ಟು ರಿಪೇರಿಗೆ ಕೂತಿದ್ದರು. ಬಿದಿರ ಸೀಳುಗಳನ್ನು ಅಡ್ಡ ಉದ್ದ ಹೆಣೆದ ದುಂಡು ಬುಟ್ಟಿ, ಹೊರಮೈಗೆ ಹೊಲಿದ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಟಾರು. ಮುರಿದ ಸೀಳೊಂದನ್ನು ಹೊರಗೆಳೆದು, ಹೊಸದನ್ನು ನೀರಲ್ಲಿ ನೆನೆಸಿ ಬಾಗಿಸಿ, ಹಳೆಯದರ ದಾರಿಯಲ್ಲೇ ಒಂದರ ಮೇಲೆ ಒಂದರ ಕೆಳಗೆ ನುಗ್ಗಿಸಿದರು. ಕೊನೆಗೆ ಡಬ್ಬಿಯಲ್ಲಿ ಕಾಯಿಸಿದ ಟಾರನ್ನು ಬಟ್ಟೆ ಸುತ್ತಿದ ಕಡ್ಡಿಯಿಂದ ಸವರಿ, ಬೆರಳ ತುದಿಯಿಂದ ಮುಟ್ಟಿ ಮುಟ್ಟಿ ತೂತು ಹುಡುಕಿದರು. ತೆಪ್ಪದಲ್ಲಿ ಒಂದು ಸುತ್ತು ಹೋಗೋಣವೇ ಎಂದು ಮಕ್ಕಳು ಕೇಳಿದ್ದಕ್ಕೆ ತಲೆ ಎತ್ತದೆಯೇ ಹೇಳಿದರು: "ನೀರು ಇಳೀಲಿ ಮಗ. ಈಗ ಹೊಳೆ ಯಾರ ಮಾತೂ ಕೇಳಾಕಿಲ್ಲ."

ಆ ಮಾತನ್ನು ಇಲ್ಲಿಗೆ ಬರುವವರೆಲ್ಲ ಕಿವಿಗೆ ಹಾಕಿಕೊಳ್ಳಬೇಕು. ಮೇಲೆ ಅಣೆಕಟ್ಟೆಯ ಗೇಟು ತೆರೆದರೆ ಇಲ್ಲಿ ನೀರು ನೋಡನೋಡುತ್ತ ಏರುತ್ತದೆ. ಪಾಚಿ ಹಿಡಿದ ಬಂಡೆ ಕಾಲಿಗೆ ಹಿಡಿತ ಕೊಡುವುದಿಲ್ಲ. ಕಂಬಿಯಾಚೆ ದಾಟಿ, ಬಂಡೆಯ ತುದಿಗೆ ಹೋಗಿ ಫೋಟೊಗೆ ನಿಂತು ಈ ಹೊಳೆಯಲ್ಲಿ ಜೀವ ಕಳೆದುಕೊಂಡವರಿದ್ದಾರೆ. ಹೋಗಬೇಡಿ ಎಂದು ಫಲಕ ಹಾಕಿರುವ ಕಡೆ ಹೋಗಲೇಬಾರದು.

ದ್ವೀಪದ ಒಳಗೆ ರಂಗನಾಥನ ಗುಡಿ. ಶ್ರೀರಂಗಪಟ್ಟಣದಲ್ಲಿ ಆದಿರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ, ಇಲ್ಲಿ ಮಧ್ಯರಂಗ. ಕಾವೇರಿ ಎರಡಾಗಿ ಹರಿದು ಬಳಸಿದ ಮೂರು ನಡುಗಡ್ಡೆಗಳಲ್ಲಿ ಮೂವರೂ ಪವಡಿಸಿದ್ದಾರೆ. ಅಮ್ಮ ಮಂಗಳಾರತಿ ಕಣ್ಣಿಗೊತ್ತಿಕೊಂಡು ತುಳಸಿ ತೀರ್ಥ ತೆಗೆದುಕೊಂಡಳು. ಅದೇ ದ್ವೀಪದಲ್ಲಿ, ಗಗನಚುಕ್ಕಿಯ ನೆತ್ತಿಯ ಹತ್ತಿರ, ಒಂದು ದರ್ಗಾ. ಹರಕೆ ಹೊತ್ತವರು ಸಂಸಾರ ಸಮೇತ ಅಲ್ಲಿಗೆ ಬರುತ್ತಾರೆ. ನೀರಿನ ಒಂದೇ ಸದ್ದು ಗುಡಿಗೂ ದರ್ಗಾಕ್ಕೂ ಕೇಳುತ್ತದೆ.

ಇನ್ನೊಂದು ಕವಲಿನ ಭರಚುಕ್ಕಿ ಚಾಮರಾಜನಗರ ಜಿಲ್ಲೆಗೆ ಸೇರಿದ್ದು. ಗಗನಚುಕ್ಕಿ ಎತ್ತರದಿಂದ ದಂಗುಬಡಿಸಿದರೆ ಭರಚುಕ್ಕಿ ಅಗಲದಿಂದ. ಸುಮಾರು 69 ಮೀಟರ್ ಎತ್ತರದ ಬಂಡೆಯ ಗೋಡೆ ಅರ್ಧಚಂದ್ರಾಕಾರವಾಗಿ ಬಾಗಿದೆ. ಅದರ ಉದ್ದಕ್ಕೂ ನೀರು ಹರಡಿಕೊಂಡು ಬೀಳುತ್ತದೆ. ನಡುವೆ ತುಂಬು ಧಾರೆ, ಪಕ್ಕದಲ್ಲಿ ಅದಕ್ಕಿಂತ ತೆಳು, ತೀರಾ ಅಂಚಿನಲ್ಲಿ ಗಿಡಗಂಟಿಗಳ ಬೇರು ಹಿಡಿದು ಇಳಿಯುವ ಎಳೆಗಳು. ಒಂದೇ ಹೊಳೆಯಲ್ಲಿ ಹತ್ತು ಬಗೆಯ ಬೀಳುವಿಕೆ. ಮೇಲಿನ ಕಟ್ಟೆಯಲ್ಲಿ ಮರದ ನೆರಳಿತ್ತು. ಉಪ್ಪು ಖಾರ ಹಚ್ಚಿದ ಸೌತೆಕಾಯಿ ಕೊಂಡು ತಿನ್ನುತ್ತಾ, ಬೇಕಾದಷ್ಟು ಹೊತ್ತು ಕೂತೆವು. ಚಾಲಕರೂ ಬಂದು ಕೂತರು. ಮಾತು ತಾನಾಗಿ ಬೇಸಗೆಯ ಕಡೆ ಹೊರಳಿತು.

ಮಾರ್ಚ್, ಏಪ್ರಿಲ್‌ನಲ್ಲಿ ಬಂದರೆ ಇದೇ ಗೋಡೆ ಬೋಳು ಬಂಡೆ. ಅಲ್ಲೊಂದು ಇಲ್ಲೊಂದು ತೆಳು ಜಿನುಗು. ಹೊಳೆಗೆ ಅಷ್ಟು ಜನ ಪಾಲುದಾರರು. ಗದ್ದೆಗೆ ಬೇಕು, ವಿದ್ಯುತ್ತಿಗೆ ಬೇಕು, ಬೆಂಗಳೂರು, ಮೈಸೂರಿನ ನಲ್ಲಿಗಳಿಗೆ ಬೇಕು, ತಮಿಳುನಾಡಿನ ಪೈರಿಗೂ ಬೇಕು. 2018ರ ಫೆಬ್ರುವರಿಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸಾಮಾನ್ಯ ವರ್ಷದಲ್ಲಿ ಗಡಿಯ ಬಿಳಿಗುಂಡ್ಲು ಬಳಿ ತಮಿಳುನಾಡಿಗೆ 177.25 ಟಿಎಂಸಿ ಅಡಿ ನೀರು ಹರಿಯಬೇಕೆಂದು ಹೇಳಿತು. ಬೆಂಗಳೂರಿನ ಕುಡಿಯುವ ನೀರಿಗೆಂದು 4.75 ಟಿಎಂಸಿ ಅಡಿ ಹೆಚ್ಚಿಗೆ ಕೊಟ್ಟಿತು. ಮಳೆ ಕೈಕೊಟ್ಟ ವರ್ಷ ಮಂಡ್ಯದಲ್ಲಿ ರಸ್ತೆಗಿಳಿಯುವ ರೈತನಿಗೆ ಈ ಅಂಕಿಗಳೆಲ್ಲ ಬಾಯಿಪಾಠ. ಮಳೆಗಾಲದಲ್ಲಿ ನಾವು ಬಾಯಿ ತೆರೆದು ನೋಡುವ ಈ ಅಬ್ಬರ, ಎಲ್ಲರಿಗೂ ಪಾಲು ಹಂಚಿ ಉಳಿದ ನೀರಿನದು. ಹಾಗೆ ತಿಳಿದು ನೋಡಿದರೆ ಅದರ ಬೆಲೆ ಇನ್ನೂ ಹೆಚ್ಚುತ್ತದೆ.

ಸಂಜೆ ಮರಳುವಾಗ ಕನಕಪುರದಲ್ಲಿ ಅರ್ಕಾವತಿಯ ಸೇತುವೆ ದಾಟಬೇಕು. ಅಲ್ಲಿ ಗಾಡಿ ನಿಲ್ಲಿಸುವವರು ಕಡಿಮೆ. ಬೆಂಗಳೂರಿನ ಬಸವನಗುಡಿಯಲ್ಲಿ ಹುಟ್ಟಿದ ವೃಷಭಾವತಿ ನಗರದ ಚರಂಡಿ ನೀರನ್ನೂ ಕಾರ್ಖಾನೆಗಳ ಕೊಳೆಯನ್ನೂ ಹೊತ್ತು, ಬೈರಮಂಗಲ ಕೆರೆಯಲ್ಲಿ ನೊರೆ ಕಕ್ಕಿ, ಅರ್ಕಾವತಿಗೆ ಸೇರುತ್ತಾಳೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಸೇರುತ್ತಾಳೆ. ಕೊಳವೆಯಲ್ಲಿ ನಮ್ಮ ಊರಿಗೆ ಏರಿ ಬಂದ ನೀರು ನಮ್ಮ ಬಚ್ಚಲು ದಾಟಿ, ಈ ದಾರಿಯಾಗಿ ಮತ್ತೆ ಅದೇ ಹೊಳೆಗೆ ಇಳಿಯುತ್ತದೆ. ನೂರು ಕಿಲೋಮೀಟರ್ ದೂರದಿಂದ ತೊಳೆದು ಶುದ್ಧ ಮಾಡಿ ತಂದದ್ದನ್ನು ನಾವು ಈ ರೂಪದಲ್ಲಿ ಹಿಂದಕ್ಕೆ ಕೊಡುತ್ತಿದ್ದೇವೆ. ಕೆಳಗಿನ ಹಳ್ಳಿಗಳ ದನಕರುಗಳು ಕುಡಿಯುವುದು, ತರಕಾರಿ ತೋಟಗಳಿಗೆ ಹಾಯುವುದು ಇದೇ ನೀರು.

ಬೆಂಗಳೂರಿನವರು ಮಕ್ಕಳನ್ನು ಕರೆದುಕೊಂಡು ಶಿವನಸಮುದ್ರಕ್ಕೆ ಹೋಗಲೇಬೇಕು ಎಂದು ನಾನು ಹೇಳುವುದು ಇದಕ್ಕೇ. ಜಲಪಾತದ ಮುಂದೆ ನಿಲ್ಲಿಸಿ ತೋರಿಸಿ. ಬರುವ ದಾರಿಯಲ್ಲಿ ತೊರೆಕಾಡನಹಳ್ಳಿಯನ್ನೂ ಅರ್ಕಾವತಿಯ ಸೇತುವೆಯನ್ನೂ ತೋರಿಸಿ. ನಗರದ ಕೊಳಚೆಯೆಲ್ಲ ಶುದ್ಧವಾಗಿಯೇ ಹೊಳೆ ಸೇರಬೇಕೆಂದು ಕೇಳುವ ಹಕ್ಕೂ ಕರ್ತವ್ಯವೂ ಆ ನೀರು ಕುಡಿದವರಿಗೆ ಇದೆ. ನೂರು ವರ್ಷ ಮೀರಿ ನಮಗೆ ಬೆಳಕು ಕೊಟ್ಟ, ಐವತ್ತು ವರ್ಷದಿಂದ ಕುಡಿಯಲು ಕೊಡುತ್ತಿರುವ ಹೊಳೆಗೆ ತಿರುಗಿ ಕೊಡುವುದು ಬೇರೇನೂ ಬೇಕಿಲ್ಲ. ಪಡೆದ ನೀರನ್ನು ಹೊಲಸು ಮಾಡದೆ ಮರಳಿಸಿದರೆ ಸಾಕು.