ಆ ಜೀರುಂಡೆ ಕಿವಿಯೊಳಗೇ ಇತ್ತು

ತೀರ್ಥಹಳ್ಳಿ ಕಡೆಯವಳು ನಾನು. ಜೀರುಂಡೆ ಸದ್ದಿನಲ್ಲೇ ಬೆಳೆದವಳು. ಹಾಗಾಗಿ ಹೋದ ವರ್ಷ ಒಂದು ರಾತ್ರಿ ಬೆಂಗಳೂರಿನ ಪಿಜಿಯಲ್ಲಿ ಆ ಸದ್ದು ಕೇಳಿದಾಗ ಖುಷಿಯೇ ಆಯ್ತು. "ಇಲ್ಲೂ ಜೀರುಂಡೆ ಇದೆ ಕಣೇ" ಅಂದೆ. ರೂಮ್‌ಮೇಟ್ ಎದ್ದು ಕೂತು ಆಲಿಸಿದಳು. "ಯಾವ ಜೀರುಂಡೆ? ಫ್ಯಾನ್ ಕೂಡ ಆಫ್ ಇದೆ."

ಕಿಟಕಿ ಮುಚ್ಚಿದೆ, ಸದ್ದು ಹೋಗಲಿಲ್ಲ. ಕಿವಿ ಮುಚ್ಚಿಕೊಂಡೆ, ಇನ್ನೂ ಜೋರಾಯ್ತು.

ಇದಕ್ಕೆ ಟಿನ್ನಿಟಸ್ ಅಂತಾರೆ, ಕನ್ನಡದಲ್ಲಿ ಕಿವಿಮೊರೆತ. ಹೆಸರು ಗೊತ್ತಾಗುವ ಹೊತ್ತಿಗೆ ಮೂರು ವಾರ ನಿದ್ದೆ ಕೆಟ್ಟಿತ್ತು. ರಾತ್ರಿ ಎರಡು ಗಂಟೆಗೆ ಗೂಗಲ್ ಮಾಡುತ್ತಾ ಮೆದುಳಿನ ಗೆಡ್ಡೆಯವರೆಗೂ ಹೋಗಿ ಬಂದೆ. ಹತ್ತಿರದ ಕ್ಲಿನಿಕ್ ಒಂದರಲ್ಲಿ ತಿಂಗಳಿಗಾಗುವಷ್ಟು ಮಾತ್ರೆ ಕೊಟ್ಟರು: ಜಿಂಕ್, ಗಿಂಕ್ಗೋ ಎಲೆಯ ಸಾರ, ಇನ್ನೇನೋ ವಿಟಮಿನ್. ಎಲ್ಲ ನುಂಗಿದೆ. ಜೀರುಂಡೆಗೆ ಏನೂ ಆಗಲಿಲ್ಲ.

ಕೊನೆಗೆ ಇಎನ್‌ಟಿ ಡಾಕ್ಟರ ಮುಂದೆ ಕೂತು, "ಇದನ್ನ ನಿಲ್ಲಿಸೋ ಮಾತ್ರೆ ಕೊಡಿ ಸರ್, ಎಷ್ಟಾದ್ರೂ ಪರ್ವಾಗಿಲ್ಲ" ಅಂದೆ.

"ಅಂಥ ಮಾತ್ರೆ ಇದ್ದಿದ್ರೆ ಮೊದಲು ನಾನೇ ನುಂಗ್ತಿದ್ದೆನಮ್ಮ. ನನಗೂ ಇದೆ" ಅಂದರು.

ಮೊದಲು ಆಡಿಯೋಮೆಟ್ರಿ. ಬೀಪ್ ಕೇಳಿದಾಗಲೆಲ್ಲ ಗುಂಡಿ ಒತ್ತುವುದು. ರಿಪೋರ್ಟ್ ನಾರ್ಮಲ್! ಹಾಗಾದ್ರೆ ಇದೆಲ್ಲ ನನ್ನ ಭ್ರಮೆಯಾ? ಆಗಲೇ ಇನ್ನೊಂದು ಪರೀಕ್ಷೆ ಬರೆದುಕೊಟ್ಟದ್ದು. ಹೆಸರು ಓಎಇ, ಓಟೋ ಅಕೌಸ್ಟಿಕ್ ಎಮಿಶನ್. ಹುಟ್ಟಿದ ಮಗುವಿನ ಕಿವಿ ಪರೀಕ್ಷೆಗೂ ಇದನ್ನೇ ಬಳಸುತ್ತಾರೆ, ಯಾಕೆಂದರೆ ಇದರಲ್ಲಿ ನಾವು ಏನೂ ಹೇಳಬೇಕಾಗಿಲ್ಲ.

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಕಾಕ್ಲಿಯಾ ಇದೆ. ಅದರಲ್ಲಿ ಸುಮಾರು 12,000 ಹೊರ ರೋಮಕೋಶಗಳು. ಸದ್ದು ಬಂದಾಗ ಇವು ತಾವೇ ಕುಣಿದು ಅದಕ್ಕೆ ಬಲ ಕೊಡುತ್ತವೆ. ಆ ಕುಣಿತದ ಒಂದು ಚೂರು ಸದ್ದಾಗಿ ಕಿವಿಯಿಂದ ಹೊರಗೂ ಬರುತ್ತದೆ. ಅಂದರೆ ಕಿವಿ ಬರೀ ಕೇಳುವುದಿಲ್ಲ, ಪಿಸುಗುಟ್ಟುತ್ತದೆ ಕೂಡ. 1978ರಲ್ಲಿ ಲಂಡನ್ನಿನಲ್ಲಿ ಡೇವಿಡ್ ಕೆಂಪ್ ಇದನ್ನು ಅಳೆದು ತೋರಿಸಿದರು. ಕಿವಿಗೆ ಪುಟ್ಟ ಮೈಕ್ ಇಟ್ಟು ಟಿಕ್ ಟಿಕ್ ಸದ್ದು ಬಿಟ್ಟು ಆ ಪಿಸುಮಾತು ಹಿಡಿಯುವುದೇ ಪರೀಕ್ಷೆ. ಕೆಲವೇ ನಿಮಿಷದ ಕೆಲಸ.

ನನ್ನ ಎರಡೂ ಕಿವಿಗಳಲ್ಲಿ ಎತ್ತರದ ಸ್ವರಗಳ ಜಾಗದಲ್ಲಿ ಪಿಸುಮಾತು ಹೆಚ್ಚುಕಡಿಮೆ ಇರಲೇ ಇಲ್ಲ. ಐದು ವರ್ಷದ ಇಯರ್‌ಬಡ್ಸ್, ಫುಲ್ ವಾಲ್ಯೂಮ್, ಮೆಟ್ರೋ ಗದ್ದಲ. ಕಾರಣ ಇದೇ ಇರಬಹುದು ಅಂದರು ಡಾಕ್ಟ್ರು. ಬರಬೇಕಾದ ಸಂಕೇತ ಕಡಿಮೆಯಾದಾಗ ಮೆದುಳು ತನ್ನ ವಾಲ್ಯೂಮ್ ತಾನೇ ಏರಿಸಿಕೊಳ್ಳುತ್ತದೆ, ಆಗ ಕೇಳುವುದೇ ಈ ಮೊರೆತ ಎಂಬ ವಿವರಣೆಯನ್ನು ಅನೇಕ ತಜ್ಞರು ಒಪ್ಪುತ್ತಾರೆ. ಆ ಮಷಿನ್‌ಗೂ ನನ್ನ ಜೀರುಂಡೆ ಕೇಳಿಸಿರಲಿಲ್ಲ, ಒಳಕಿವಿಯ ಪೆಟ್ಟು ಮಾತ್ರ ಕಂಡಿತ್ತು. ನನಗೆ ಅಷ್ಟೇ ಸಾಕಾಗಿತ್ತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ಇನ್ನು ಔಷಧಿ ವಿಷಯ. ಲಿಡೋಕೇನ್ ಎಂಬ ಮರಗಟ್ಟಿಸುವ ಔಷಧವನ್ನು ರಕ್ತನಾಳಕ್ಕೆ ಕೊಟ್ಟರೆ ಕೆಲವರಿಗೆ ಮೊರೆತ ಸ್ವಲ್ಪ ಹೊತ್ತು ತಗ್ಗುತ್ತದಂತೆ. ಆದರೆ ಹೃದಯಕ್ಕೆ ಅಪಾಯ, ದಿನಾ ಕೊಡುವಂಥದ್ದಲ್ಲ. ಅಮೆರಿಕದ ಇಎನ್‌ಟಿ ತಜ್ಞರ ಅಕಾಡೆಮಿಯ 2014ರ ಮಾರ್ಗಸೂಚಿಯಂತೂ ಗಿಂಕ್ಗೋ, ಜಿಂಕ್, ಮೆಲಟೋನಿನ್ ಯಾವುದನ್ನೂ ಇದಕ್ಕೆ ಶಿಫಾರಸು ಮಾಡಬೇಡಿ ಎನ್ನುತ್ತದೆ. ನಾನು ದುಡ್ಡು ಸುರಿದದ್ದು ಅದಕ್ಕೇ! ಅದೇ ಮಾರ್ಗಸೂಚಿ ಒಪ್ಪುವುದು ಸಿಬಿಟಿ ಎಂಬ ಮಾತಿನ ಚಿಕಿತ್ಸೆಯನ್ನು. ಅದು ಸದ್ದನ್ನು ನಿಲ್ಲಿಸುವುದಿಲ್ಲ, ಸದ್ದಿನ ಜೊತೆಗಿನ ಜಗಳ ಕಡಿಮೆ ಮಾಡುತ್ತದೆ. ನಾನೂ ಹೋದೆ.

ಒಂದು ಎಚ್ಚರಿಕೆ ಮಾತ್ರ ಹೇಳಿಬಿಡ್ತೀನಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಅವತ್ತೇ ಓಡಿ. ಅಲ್ಲಿ ಸ್ಟಿರಾಯ್ಡ್ ಔಷಧಿಗೆ ಕೆಲಸವಿದೆ, ತಡವಾದಷ್ಟೂ ಕಷ್ಟ. ಸದ್ದು ಒಂದೇ ಕಿವಿಯಲ್ಲಿದ್ದರೆ, ಅಥವಾ ನಾಡಿಯ ಹಾಗೆ ಬಡಿಯುತ್ತಿದ್ದರೆ, ಆಗಲೂ ತೋರಿಸಿ.

ಈಗ ಬಡ್ಸ್ ವಾಲ್ಯೂಮ್ ಅರ್ಧಕ್ಕಿಂತ ಕೆಳಗೆ. ಮಲಗುವಾಗ ಫೋನಿನಲ್ಲಿ ಸಣ್ಣಗೆ ಮಳೆ ಸದ್ದು. ದೀಪಾವಳಿಗೆ ಊರಿಗೆ ಹೋಗಿದ್ದಾಗ ರಾತ್ರಿ ಜಗುಲಿಯಲ್ಲಿ ಅಮ್ಮ ಕೇಳಿದಳು, "ಈಗ್ಲೂ ಕೇಳ್ತದಾ ನಿಂಗೆ?"

"ನೀನು ಕೇಳೋವರೆಗೂ ಕೇಳ್ತಿರ್ಲಿಲ್ಲ ಅಮ್ಮ" ಅಂದೆ. ಅಮ್ಮ ನಗುತ್ತಾ ಎದ್ದು ಲೈಟ್ ಆರಿಸಿದಳು. ತೋಟದ ಕಡೆಯಿಂದ ಜೀರುಂಡೆಗಳು ಕೂಗುತ್ತಿದ್ದವು.