ಶಾಸನಗಳ ಕಾಲಗಣನೆ ಮತ್ತು ಸ್ಟ್ಯಾಟಿಕ್ ಮೆಥಡ್

ಶಾಸನ ಹಾಗೂ ಓಲೆಗರಿಗಳ ಸೂಚಿಗಳನ್ನು ಗಣಕಕ್ಕೆ ಅಳವಡಿಸುವಾಗ ಕನ್ನಡ ಸಂಶೋಧಕರೂ ಪ್ರೋಗ್ರಾಂ ರಚನೆಯ ಕೆಲವು ತತ್ತ್ವಗಳನ್ನು ಅರಿಯಬೇಕಾಗುತ್ತದೆ. ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್‌ನಲ್ಲಿ ಬರುವ ಸ್ಟ್ಯಾಟಿಕ್ ಮೆಥಡ್ ಅಂತಹುದೊಂದು. ಜಾವಾ, ಸಿ ಶಾರ್ಪ್ ಭಾಷೆಗಳಲ್ಲಿ ಸ್ಟ್ಯಾಟಿಕ್ ಎನಿಸಿಕೊಳ್ಳುವ ಇದಕ್ಕೆ ವಿಷುವಲ್ ಬೇಸಿಕ್ ಡಾಟ್‌ನೆಟ್‌ನಲ್ಲಿ ಶೇರ್ಡ್ ಎಂಬ ಹೆಸರಿದೆ. ಇದರ ಬಳಕೆಯ ಔಚಿತ್ಯವನ್ನು ಕಾಲಗಣನೆಯ ನಿದರ್ಶನದ ಮೂಲಕ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬಿ.ಸಿ.ರೋಡಿನ ಆಸುಪಾಸಿನ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದ ಶಾಸನಗಳಿಗೆ ಒಂದು ಗಣಕಸೂಚಿಯನ್ನು ರಚಿಸುವುದೆಂದು ಭಾವಿಸೋಣ. ಇಲ್ಲಿ ‘ಶಾಸನ’ ಎಂಬುದು ಕ್ಲಾಸ್, ಎಂದರೆ ಸಾಮಾನ್ಯ ಲಕ್ಷಣಗಳ ಚೌಕಟ್ಟು. ವೇಣೂರಿನ ಗೊಮ್ಮಟ ಶಾಸನ ಅದರ ಒಂದು ಆಬ್ಜೆಕ್ಟ್. ಸ್ಥಳ, ಲಿಪಿ, ಪಾಠ, ಶಕವರ್ಷ ಇವು ಆಯಾ ಶಾಸನದ ಸ್ವಂತ ಮಾಹಿತಿಗಳು. ಇವನ್ನು ಆಧರಿಸಿ ಶಾಸನದ ವಿವರ ನೀಡುವ ಮೆಥಡ್ ಆಬ್ಜೆಕ್ಟಿಗೇ ಸೇರತಕ್ಕದ್ದು.

ಆದರೆ ಶಕವರ್ಷದಿಂದ ಸಂವತ್ಸರವನ್ನು ತಿಳಿಯುವ ಕ್ರಮ ಯಾವುದೇ ಒಂದು ಶಾಸನದ ಸೊತ್ತಲ್ಲ. ಗತಶಕಕ್ಕೆ 12 ಕೂಡಿಸಿ 60ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಸಂವತ್ಸರದ ಕ್ರಮಾಂಕ. ಶೇಷ ಸೊನ್ನೆಯಾದರೆ ಅದು 60ನೆಯದು. ವೇಣೂರಿನ ಗತಶಕ 1525ಕ್ಕೆ 37, ಶೋಭಕೃತ್. ಕಾರ್ಕಳದ ಗೊಮ್ಮಟನ ಗತಶಕ 1353ಕ್ಕೆ 45, ವಿರೋಧಿಕೃತ್. ಎರಡೂ ಶಾಸನೋಕ್ತ ಸಂವತ್ಸರಗಳೇ ಆಗಿವೆ. ಕೊಟ್ಟ ಸಂಖ್ಯೆಯ ಹೊರತು ಮತ್ತೇನನ್ನೂ ಅಪೇಕ್ಷಿಸದ ಇಂತಹ ಗಣನೆಗೆ ಸ್ಟ್ಯಾಟಿಕ್ ಮೆಥಡ್ ಉಚಿತವಾದುದು.

ತೊಡಕು ಇರುವುದು ಹಂಚಿಕೆಯ ಮಾಹಿತಿಯಲ್ಲಿ. ಶಕವರ್ಷ ಗತವೋ ವರ್ತಮಾನವೋ ಎಂಬುದನ್ನು ಕ್ಲಾಸಿನ ಸ್ಟ್ಯಾಟಿಕ್ ಚರದಲ್ಲಿಟ್ಟು, ಮೆಥಡ್ ಅದನ್ನು ಓದುವಂತೆ ರಚಿಸಿದೆವೆನ್ನೋಣ. ಯಾವುದೋ ಒಂದು ಶಾಸನಕ್ಕಾಗಿ ‘ವರ್ತಮಾನ’ ಎಂದು ಬದಲಿಸಿದರೆ ಮುಂದಿನ ಎಲ್ಲ ಶಾಸನಗಳ ಗಣನೆಯೂ ಬದಲಾಗುತ್ತದೆ. ಆಗ ವೇಣೂರಿನ ಸಂವತ್ಸರ 36ನೆಯದಾದ ಶುಭಕೃತ್ ಎಂದಾಗುತ್ತದೆ. ಶುಭಕೃತ್, ಶೋಭಕೃತ್ ಎಂಬ ಹೆಸರುಗಳ ಸಾಮ್ಯದಿಂದ ಇದು ಪಾಠದೋಷವೆಂದೇ ತೋರಬಹುದು. ಶಾಸನದ ಸರಿಯಾದ ಪಾಠವನ್ನೇ ತಿದ್ದುವ ಅಪಾಯವೂ ಉಂಟು. ಆದುದರಿಂದ ಗತ, ವರ್ತಮಾನ ಭೇದವನ್ನು ಪ್ರತಿ ಬಾರಿಯೂ ಮೆಥಡಿಗೆ ಒದಗಿಸುವುದೇ ಕ್ಷೇಮ. ಕ್ರಿಸ್ತಶಕದ ಗಣನೆಗೆ ಮಾಸವೂ ಅವಶ್ಯ. ವೇಣೂರಿನ ಗತಶಕಕ್ಕೆ 78 ಕೂಡಿಸಿದರೆ 1603 ದೊರೆಯುತ್ತದೆ. ಆದರೆ ತಿಥಿ ಫಾಲ್ಗುಣದ್ದಾದ ಕಾರಣ 79 ಕೂಡಿಸಬೇಕು. ಪ್ರತಿಷ್ಠೆಯ ವರ್ಷ 1604.

ಇನ್ನೊಂದು ಮಿತಿಯೂ ಗಮನಾರ್ಹ. ಶಿಲಾಶಾಸನ, ತಾಮ್ರಶಾಸನಗಳನ್ನು ‘ಶಾಸನ’ದ ಉಪಕ್ಲಾಸ್‌ಗಳಾಗಿ ರಚಿಸಿದಾಗ ವಿವರಣೆಯ ಕ್ರಮ ಒಂದೊಂದಕ್ಕೂ ಭಿನ್ನ, ಒಂದಕ್ಕೆ ಕಲ್ಲಿನ ಅಳತೆ ಬೇಕು, ಇನ್ನೊಂದಕ್ಕೆ ಫಲಕಗಳ ಸಂಖ್ಯೆ. ಜಾವಾದಲ್ಲಿ ಆಬ್ಜೆಕ್ಟಿನ ಪ್ರಕಾರಕ್ಕೆ ತಕ್ಕಂತೆ ಸ್ಟ್ಯಾಟಿಕ್ ಮೆಥಡ್ ಬದಲಾಗದು. ಅಂತಹ ಕಾರ್ಯವನ್ನು ಆಬ್ಜೆಕ್ಟಿಗೇ ಬಿಡಬೇಕು.

ಒಟ್ಟಿನಲ್ಲಿ, ಉತ್ತರವು ಕೊಟ್ಟ ಮಾಹಿತಿಯಿಂದಲೇ ಪೂರ್ಣವಾಗಿ ನಿರ್ಧಾರವಾಗುವಲ್ಲಿ ಸ್ಟ್ಯಾಟಿಕ್ ಮೆಥಡ್ ಯುಕ್ತ. ಆಬ್ಜೆಕ್ಟಿನ ಸ್ಥಿತಿಯನ್ನೋ ಪ್ರಕಾರವನ್ನೋ ಅವಲಂಬಿಸುವಲ್ಲಿ ಅಯುಕ್ತ. ಒಂದು ವರ್ಷದ ವ್ಯತ್ಯಾಸವೂ ಕವಿಕಾಲದ, ಅರಸರ ಆಳ್ವಿಕೆಯ ನಿರ್ಣಯವನ್ನು ಪಲ್ಲಟಗೊಳಿಸಬಲ್ಲದಾದ್ದರಿಂದ, ಈ ವಿವೇಕ ಪ್ರೋಗ್ರಾಂ ಬರೆಯುವವರಿಗೆಷ್ಟೋ ಸೂಚಿಯನ್ನು ರೂಪಿಸುವ ಸಂಶೋಧಕರಿಗೂ ಅಷ್ಟೇ ಅಗತ್ಯ.